ಗುರುಗಳಿಗೇ ಬರ ಬಿದ್ದ ವಿದ್ಯೆ: ಪರ್ಡ್ಯೂ ವಿಶ್ವವಿದ್ಯಾಲಯದ ಸೈಬರ್ ಭದ್ರತಾ ಪಿಎಚ್.ಡಿ. ಪರಂಪರೆ

ಕೆಲವು ವರ್ಷಗಳಿಂದ ನಮ್ಮ ಸಿಇಟಿ ಸೀಟುಪಟ್ಟಿಯಲ್ಲಿ ಹೊಸದೊಂದು ಸಾಲು ಕಾಣಿಸಿಕೊಳ್ಳುತ್ತಿದೆ: ಕಂಪ್ಯೂಟರ್ ಸೈನ್ಸ್, ಸೈಬರ್ ಸೆಕ್ಯುರಿಟಿ. ಸೀಟು ಸಿಕ್ಕವರ ಮನೆಯಲ್ಲಿ ಸಂಭ್ರಮ, ಸಿಗದವರ ಮನೆಯಲ್ಲಿ ಮ್ಯಾನೇಜ್‌ಮೆಂಟ್ ಕೋಟಾದ ಲೆಕ್ಕಾಚಾರ. ಹುಡುಗರಂತೂ ಬಂದರು. ಅವರಿಗೆ ಪಾಠ ಹೇಳುವವರು ಈ ವಿದ್ಯೆಯನ್ನು ಯಾರ ಬಳಿ ಕಲಿತು ಬಂದವರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಭದ್ರತೆಯಲ್ಲಿ ಪಿಎಚ್.ಡಿ. ಮಾಡಿದ ಅಧ್ಯಾಪಕರು ಎಲ್ಲಿಂದ ಹುಟ್ಟಿಬರುತ್ತಾರೆ? ಈ ಸ್ಮರಣ ಸಂಚಿಕೆಗೆ ನಮ್ಮೂರಿನದಲ್ಲದ ಒಂದು ಸಂಸ್ಥೆಯ ಚರಿತ್ರೆಯನ್ನು ಆರಿಸಿಕೊಂಡದ್ದು ಆ ಪ್ರಶ್ನೆಯ ಸಲುವಾಗಿ. ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯ ಐವತ್ತು ವರ್ಷಗಳಿಂದ ಈ ಪ್ರಶ್ನೆಯ ಜೊತೆ ಏಗುತ್ತಾ ಬಂದಿದೆ. ಕೆಲವೊಮ್ಮೆ ಗೆದ್ದಿದೆ, ಕೆಲವೊಮ್ಮೆ ಕೈಗೆ ಬಂದದ್ದನ್ನು ಕಳೆದುಕೊಂಡಿದೆ.

ಪರ್ಡ್ಯೂ ಇರುವುದು ವಬಾಶ್ ನದಿಯ ದಡದ ವೆಸ್ಟ್ ಲಫಾಯೆಟ್ ಎಂಬ ಚಿಕ್ಕ ಊರಿನಲ್ಲಿ. ಸುತ್ತ ಮೆಕ್ಕೆಜೋಳದ ಹೊಲಗಳು. 1869ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದ ಹೆಸರು ನಮ್ಮವರಿಗೆ ಗೊತ್ತಿದ್ದರೆ ಅದು ನೀಲ್ ಆರ್ಮ್‌ಸ್ಟ್ರಾಂಗ್ ಓದಿದ ಜಾಗವೆಂದು. ಕಂಪ್ಯೂಟರಿನವರಿಗೆ ಇನ್ನೊಂದು ಸಂಗತಿಯೂ ಗೊತ್ತಿರಬೇಕು: ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆಂದೇ ಮೊದಲ ವಿಭಾಗ ತೆರೆದದ್ದು ಇಲ್ಲಿ, 1962ರಲ್ಲಿ. ಹತ್ತು ವರ್ಷದ ನಂತರ, 1972ರಲ್ಲಿ, ರಾಚೆಸ್ಟರ್‌ನಲ್ಲಿ ಕೆಲಸ ಮಾಡುತ್ತಿದ್ದ ಡೊರೊಥಿ ಎಂಬ ಯುವತಿ ಪಿಎಚ್.ಡಿ.ಗೆಂದು ಇಲ್ಲಿಗೆ ಬಂದರು. ಪೀಟರ್ ಡೆನ್ನಿಂಗ್ ಅವರ ಆಪರೇಟಿಂಗ್ ಸಿಸ್ಟಮ್ ತರಗತಿಯಲ್ಲಿ ಕೂತರು. ಭದ್ರತೆಯ ವಿಷಯ ಅವರನ್ನು ಹಿಡಿದುಕೊಂಡಿತು. ಮೇಷ್ಟರೂ ಶಿಷ್ಯೆಯೂ 1974ರಲ್ಲಿ ಮದುವೆಯಾದರು, 1975ರಲ್ಲಿ ಥೀಸಿಸ್ ಮುಗಿಯಿತು. ಕಂಪ್ಯೂಟರ್ ವ್ಯವಸ್ಥೆಯೊಳಗೆ ಮಾಹಿತಿ ಸುರಕ್ಷಿತವಾಗಿ ಹರಿಯುವುದು ಹೇಗೆ ಎಂಬುದು ಅದರ ವಸ್ತು.

ಆ ಥೀಸಿಸ್‌ನ ಒಳಗುಟ್ಟು ಇಂದಿನ ವಿದ್ಯಾರ್ಥಿಗೂ ತಿಳಿದಿರಬೇಕಾದದ್ದು. ಅಲ್ಲಿಯವರೆಗೆ ಭದ್ರತೆ ಎಂದರೆ ಯಾವ ಫೈಲನ್ನು ಯಾರು ತೆರೆಯಬಹುದು ಎಂಬ ಕಾವಲಿನ ಮಾತು. ಡೊರೊಥಿ ಡೆನ್ನಿಂಗ್ ಕೇಳಿದ್ದು ಬೇರೆ: ತೆರೆಯುವ ಹಕ್ಕಿರುವವನು ತೆರೆದ ಮೇಲೆ ಆ ಮಾಹಿತಿ ಎಲ್ಲೆಲ್ಲಿಗೆ ಹೋಗುತ್ತದೆ? ಒಂದು ಉದಾಹರಣೆ ನೋಡೋಣ. ಒಬ್ಬ ನೌಕರನ ಸಂಬಳ ಗುಟ್ಟು. ಆದರೆ ಪ್ರೋಗ್ರಾಮಿನಲ್ಲಿ ‘ಸಂಬಳ 50,000ಕ್ಕಿಂತ ಹೆಚ್ಚಿದ್ದರೆ ಈ ಚರಕ್ಕೆ 1 ಬರೆ, ಇಲ್ಲವಾದರೆ 0 ಬರೆ’ ಎಂಬ ಒಂದು ಸಾಲಿದೆ. ಆ ಚರವನ್ನು ಯಾರು ಬೇಕಾದರೂ ನೋಡಬಹುದು. ಸಂಬಳದ ಅಂಕಿಯನ್ನು ಯಾರೂ ನಕಲು ಮಾಡಿಲ್ಲ, ಫೈಲನ್ನೂ ಮುಟ್ಟಿಲ್ಲ, ಆದರೂ ಗುಟ್ಟಿನ ಒಂದು ತುಣುಕು ಹೊರಬಿತ್ತು. ಈ ಕಳ್ಳದಾರಿಯೂ ಸೇರಿದಂತೆ ಮಾಹಿತಿಯ ಎಲ್ಲ ಹರಿವನ್ನೂ ಗಣಿತದ ಚೌಕಟ್ಟಿಗೆ ತಂದು, ಪ್ರತಿ ದತ್ತಾಂಶಕ್ಕೂ ಒಂದು ದರ್ಜೆ ಕೊಟ್ಟು, ಹರಿವು ಮೇಲ್ದರ್ಜೆಯತ್ತ ಮಾತ್ರ ಎಂಬ ನಿಯಮವನ್ನು ಅವರು ಕಟ್ಟಿದರು. 1976ರಲ್ಲಿ ಅದು ಪೇಪರಾಗಿ ಅಚ್ಚಾಯಿತು. ಮೊಬೈಲ್ ಆ್ಯಪ್ ನಿಮ್ಮ ಫೋನ್‌ಬುಕ್ಕನ್ನು ಎಲ್ಲಿಗೆ ಸಾಗಿಸುತ್ತಿದೆ ಎಂದು ಇವತ್ತು ಪತ್ತೆಹಚ್ಚುವ ಸಂಶೋಧಕರು ತುಳಿಯುತ್ತಿರುವುದು ಅದೇ ದಾರಿ.

ಪಿಎಚ್.ಡಿ. ಮುಗಿದ ವರ್ಷವೇ ಡೊರೊಥಿ ಅದೇ ವಿಭಾಗದಲ್ಲಿ ಅಧ್ಯಾಪಕಿಯಾದರು, ದತ್ತಾಂಶ ಭದ್ರತೆಯ ಕೋರ್ಸನ್ನು ಕಲಿಸತೊಡಗಿದರು. ಆ ಹೊತ್ತಿಗೆ ಹಿಡಿದು ಓದಲು ಪಠ್ಯಪುಸ್ತಕವೇ ಇರಲಿಲ್ಲ. ಪಾಠ ಹೇಳಿದವರೇ ಕೊನೆಗೆ ಪುಸ್ತಕವನ್ನೂ ಬರೆದರು. ಕ್ರಿಪ್ಟೋಗ್ರಫಿ ಮತ್ತು ದತ್ತಾಂಶ ಭದ್ರತೆ ಕುರಿತ ಆ ಪುಸ್ತಕ 1982ರಲ್ಲಿ ಬಂತು. 1984ರಲ್ಲಿ ಮ್ಯಾಟ್ ಬಿಷಪ್ ಪರ್ಡ್ಯೂವಿನಿಂದ ಭದ್ರತೆಯ ವಿಷಯದಲ್ಲೇ ಪಿಎಚ್.ಡಿ. ಪಡೆದರು. ಮುಂದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣ ಸೇರಿ ತಾವೇ ಗುರುವಾದರು, ಭಾರತದಲ್ಲೂ ಎಂ.ಟೆಕ್. ತರಗತಿಗಳು ಬಳಸುವ ದಪ್ಪ ಪಠ್ಯಪುಸ್ತಕ ಬರೆದರು. ಆದರೆ ಬಿಷಪ್ ಪದವಿ ಪಡೆಯುವ ಮೊದಲೇ, 1983ರಲ್ಲಿ, ಡೊರೊಥಿ ಡೆನ್ನಿಂಗ್ ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಗೆ ಹೊರಟುಹೋಗಿದ್ದರು.

ಪರ್ಡ್ಯೂವಿನ ಗುಣಗಾನದಲ್ಲಿ ಈ ಮಾತು ಸಾಮಾನ್ಯವಾಗಿ ಮರೆತುಹೋಗುತ್ತದೆ. ಒಬ್ಬ ಗುರು ಹೋದರೆ ಪರಂಪರೆಗೇ ಕತ್ತರಿ. ಕಟ್ಟಡ ಇತ್ತು, ವಿಭಾಗ ಇತ್ತು, ಲೈಬ್ರರಿಯಲ್ಲಿ ಥೀಸಿಸ್‌ಗಳು ಇದ್ದವು. ಹೊಸ ಶಿಷ್ಯರನ್ನು ಕೈಹಿಡಿದು ನಡೆಸುವವರು ಇರಲಿಲ್ಲ. ಸಂಸ್ಥೆಗಳು ವ್ಯಕ್ತಿಗಳ ಮೇಲೆ ನಿಂತಿರುತ್ತವೆ ಎಂದು ಒಪ್ಪಿಕೊಳ್ಳಲು ಆಡಳಿತ ಮಂಡಳಿಗಳಿಗೆ ಮುಜುಗರ. ಚರಿತ್ರೆಗೆ ಆ ಮುಜುಗರ ಇರಬೇಕಾಗಿಲ್ಲ.

1987ರಲ್ಲಿ ಯೂಜೀನ್ ಸ್ಪ್ಯಾಫರ್ಡ್ ಎಂಬ ಯುವ ಅಧ್ಯಾಪಕರು ಬಂದು ಸೇರಿದರು. ಎಲ್ಲರ ಬಾಯಲ್ಲಿ ಅವರು ‘ಸ್ಪ್ಯಾಫ್’. ಮರುವರ್ಷ, 1988ರ ನವೆಂಬರ್ 2ರ ಸಂಜೆ, ಇಂಟರ್‌ನೆಟ್ಟಿನ ಮೊದಲ ದೊಡ್ಡ ವಿಪತ್ತು ಶುರುವಾಯಿತು. ‘ಮಾರಿಸ್ ವರ್ಮ್’ ಎಂದು ಹೆಸರಾದ ಆ ಪ್ರೋಗ್ರಾಮ್ ಎಂಐಟಿಯ ಒಂದು ಯಂತ್ರದಿಂದ ಹೊರಟು, ಆಗ ಜಾಲದಲ್ಲಿದ್ದ ಸುಮಾರು 60,000 ಯಂತ್ರಗಳಲ್ಲಿ 6,000ದಷ್ಟನ್ನು ಹಿಡಿಯಿತೆಂಬುದು ಅಂದಿನ ಅಂದಾಜು. ಸ್ಪ್ಯಾಫರ್ಡ್ ಅದರ ಕೋಡನ್ನು ಬಿಡಿಸಿ ನೋಡಿ, ಅದೇ ತಿಂಗಳ ಕೊನೆಯೊಳಗೆ ವಿವರವಾದ ತಾಂತ್ರಿಕ ವರದಿ ಹೊರತಂದರು. ಯಂತ್ರದಲ್ಲಿ ಯಾರಿದ್ದಾರೆಂದು ತಿಳಿಸುವ ‘ಫಿಂಗರ್’ ಎಂಬ ಸಾಮಾನ್ಯ ಸೇವೆ ಬಂದ ಪ್ರಶ್ನೆಯನ್ನು ಇಡಲು 512 ಬೈಟಿನ ಜಾಗ ಮಾತ್ರ ಇಟ್ಟುಕೊಂಡಿತ್ತು. ವರ್ಮ್ ಕಳಿಸುತ್ತಿದ್ದದ್ದು 536 ಬೈಟು. ಹೆಚ್ಚಾದ ಬೈಟುಗಳು ಪಕ್ಕದ ಸ್ಮೃತಿಯ ಮೇಲೆ ಬಿದ್ದು, ಪ್ರೋಗ್ರಾಮ್ ಎಲ್ಲಿಗೆ ಮರಳಬೇಕೆಂಬ ವಿಳಾಸವನ್ನೇ ಬದಲಿಸುತ್ತಿದ್ದವು. ಗುಪ್ತಪದ ಊಹಿಸಲು 432 ಪದಗಳ ಪಟ್ಟಿಯನ್ನು ಅದು ಜೊತೆಯಲ್ಲೇ ಹೊತ್ತು ತಿರುಗುತ್ತಿತ್ತು. ಈಗಾಗಲೇ ಹೊಕ್ಕ ಯಂತ್ರವನ್ನು ಮತ್ತೆ ಹೊಗಬಾರದೆಂಬ ತಪಾಸಣೆ ಅದರಲ್ಲಿತ್ತು. ಆದರೆ ಏಳರಲ್ಲಿ ಒಂದು ಸಲ ಆ ತಪಾಸಣೆಯನ್ನು ಲೆಕ್ಕಿಸದೆ ನುಗ್ಗುವಂತೆಯೂ ಬರೆದಿತ್ತು. ಒಂದೇ ಯಂತ್ರದಲ್ಲಿ ಹತ್ತಾರು ಪ್ರತಿಗಳು ತುಂಬಿಕೊಂಡು ಕೆಲಸ ಸ್ಥಗಿತವಾದದ್ದು ಹೀಗೆ.

ವರ್ಮ್ ಬರೆದವನು ರಾಬರ್ಟ್ ಟಪ್ಪನ್ ಮಾರಿಸ್, ಕೋರ್ನೆಲ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ! ತಂದೆ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಕಂಪ್ಯೂಟರ್ ಭದ್ರತಾ ಕೇಂದ್ರದಲ್ಲಿ ಮುಖ್ಯ ವಿಜ್ಞಾನಿ. ಮಗನಿಗೆ ಮೂರು ವರ್ಷದ ಪ್ರೊಬೇಷನ್, 400 ಗಂಟೆ ಸಮುದಾಯ ಸೇವೆ, 10,050 ಡಾಲರ್ ದಂಡ ಬಿತ್ತು. ಮುಂದೆ ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಮುಗಿಸಿ ಎಂಐಟಿಯಲ್ಲೇ ಪ್ರಾಧ್ಯಾಪಕರಾದರು ಎಂಬುದು ಬೇರೆ ಕಥೆ. ಆದರೆ ಭದ್ರತೆಯಲ್ಲಿ ಪಿಎಚ್.ಡಿ. ಕೊಡುವ ಪ್ರತಿ ವಿಭಾಗಕ್ಕೂ ಆ ರಾತ್ರಿ ಒಂದು ಪ್ರಶ್ನೆ ಬಿಟ್ಟುಹೋಯಿತು: ಬೀಗ ಒಡೆಯುವ ಕೈಚಳಕ ಕಲಿಸುವವರು ಎಲ್ಲಿ ಕೈ ತಡೆಯಬೇಕೆಂಬುದನ್ನು ಯಾವ ಸೆಮಿಸ್ಟರಿನಲ್ಲಿ ಕಲಿಸುತ್ತಾರೆ? ಕಲಿಯಲೆಂದೇ ನುಗ್ಗಿದೆ, ಹಾನಿ ಮಾಡಿಲ್ಲ ಎಂಬ ಸಮಜಾಯಿಷಿಗಳನ್ನು ಒಂದೊಂದಾಗಿ ಎತ್ತಿಕೊಂಡು ತಳ್ಳಿಹಾಕುವ ಲೇಖನವನ್ನು ಸ್ಪ್ಯಾಫರ್ಡ್ 1992ರಲ್ಲಿ ಪ್ರಕಟಿಸಿದರು. ನೈತಿಕತೆಯನ್ನು ಮುನ್ನುಡಿಯಲ್ಲಿ ಮುಗಿಸುವ ಪಠ್ಯಗಳ ನಡುವೆ ಅದು ಇಂದಿಗೂ ಓದಿಸಬೇಕಾದ ಬರಹ.

ವರ್ಮಿನ ಗಲಾಟೆಯ ನಂತರ ಪರ್ಡ್ಯೂವಿನ ಹುಡುಗರು ಸ್ಪ್ಯಾಫರ್ಡ್ ಅವರ ಕೋಣೆಗೆ ಎಡತಾಕತೊಡಗಿದರು. ಮೊದಲು ಬಂದವರು ಪಿಎಚ್.ಡಿ. ವಿದ್ಯಾರ್ಥಿಗಳಲ್ಲ, ಪದವಿ ತರಗತಿಯ ಹುಡುಗರು. ಡ್ಯಾನ್ ಫಾರ್ಮರ್ ಸ್ಪ್ಯಾಫರ್ಡ್ ಅವರ ಜೊತೆ ಸೇರಿ ಕಟ್ಟಿದ ‘ಕಾಪ್ಸ್’ ಯುನಿಕ್ಸ್ ಯಂತ್ರದ ಸಡಿಲ ಜಾಗಗಳನ್ನು ತಾನೇ ಹುಡುಕಿ ಪಟ್ಟಿ ಮಾಡುತ್ತಿತ್ತು. ಜೀನ್ ಕಿಮ್ ಬರೆದ ‘ಟ್ರಿಪ್‌ವೈರ್’ ಇನ್ನೂ ಮುಂದೆ ಹೋಯಿತು. ಯಂತ್ರ ಶುದ್ಧವಾಗಿರುವಾಗಲೇ ಮುಖ್ಯ ಫೈಲುಗಳ ಮೇಲೆ ಗಣಿತದ ಲೆಕ್ಕ ನಡೆಸಿ, ಬಂದ ಸಂಖ್ಯೆಗಳನ್ನು ಯಾರೂ ತಿದ್ದಲಾಗದ ಕಡೆ ಇಡುವುದು. ಬೇಕಾದಾಗ ಮತ್ತೆ ಲೆಕ್ಕ ಮಾಡಿ ಹೋಲಿಸುವುದು. ಫೈಲಿನ ಒಂದು ಅಕ್ಷರ ಬದಲಾಗಿದ್ದರೂ ಸಂಖ್ಯೆ ತಾಳೆಯಾಗದು. 1992ರ ನವೆಂಬರ್‌ನಲ್ಲಿ, ವರ್ಮಿಗೆ ನಾಲ್ಕು ವರ್ಷ ತುಂಬಿದ ತಿಂಗಳಿನಲ್ಲೇ, ಅದು ಹೊರಬಂತು. ಪ್ರಪಂಚದಾದ್ಯಂತ ಸಿಸ್ಟಮ್ ಅಡ್ಮಿನ್‌ಗಳು ಅದನ್ನು ಇಳಿಸಿಕೊಂಡು ಬಳಸಿದರು, ಮುಂದೆ ಅದೇ ಹೆಸರಿನ ಕಂಪನಿಯೂ ಆಯಿತು.

ಅದೇ 1992ರಲ್ಲಿ ಸ್ಪ್ಯಾಫರ್ಡ್ ಮತ್ತು ಗಣಿತಜ್ಞ ಸ್ಯಾಮ್ ವಾಗ್‌ಸ್ಟಾಫ್ ಸೇರಿ ‘ಕೋಸ್ಟ್’ ಎಂಬ ಪ್ರಯೋಗಾಲಯ ತೆರೆದರು. ವಾಗ್‌ಸ್ಟಾಫ್ ದೊಡ್ಡ ಸಂಖ್ಯೆಗಳನ್ನು ಅಪವರ್ತಿಸುವುದರಲ್ಲಿ ಜೀವ ತೇಯ್ದವರು. ಆರ್‌ಎಸ್‌ಎ ಗೂಢಲಿಪಿಯ ಬಲವೆಲ್ಲ ಆ ಅಪವರ್ತನದ ಕಷ್ಟದಲ್ಲೇ ಇರುವುದರಿಂದ ಈ ಜೋಡಿ ವಿಚಿತ್ರವೆನಿಸಿದರೂ ಸರಿಯಾದದ್ದೇ. ಅದೇ ವರ್ಷದಿಂದ ಸೆಮಿಸ್ಟರ್ ನಡೆಯುವಾಗ ವಾರಕ್ಕೊಂದು ಭದ್ರತಾ ಸೆಮಿನಾರ್ ಶುರುವಾಯಿತು, ಈಗಲೂ ನಡೆಯುತ್ತಿದೆ. ನನ್ನ ಮಟ್ಟಿಗೆ ಈ ಸಂಸ್ಥೆಯ ದೊಡ್ಡ ಆಸ್ತಿ ಆ ಸೆಮಿನಾರ್. ಅನುದಾನ ಬರುತ್ತದೆ, ಮುಗಿಯುತ್ತದೆ, ನಿರ್ದೇಶಕರು ಬದಲಾಗುತ್ತಾರೆ, ಸೆಮಿನಾರ್ ಮಾತ್ರ ನಿಲ್ಲುವುದಿಲ್ಲ. ಗೂಢಲಿಪಿಯ ವಿದ್ಯಾರ್ಥಿ ಅಲ್ಲಿ ಬ್ಯಾಂಕ್ ಅಧಿಕಾರಿಯ ಕಷ್ಟ ಕೇಳಬೇಕು, ನೆಟ್‌ವರ್ಕ್ ವಿದ್ಯಾರ್ಥಿ ಕಾನೂನಿನವರ ಮಾತು ಕೇಳಬೇಕು. ಪಿಎಚ್.ಡಿ.ಯ ಮೂರನೆಯ ವರ್ಷ ತನ್ನ ಸಮಸ್ಯೆಯೊಂದೇ ಪ್ರಪಂಚವೆಂದು ಕುಗ್ಗಿಹೋಗುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಔಷಧ ನನಗೆ ತಿಳಿಯದು.

ಕೋಸ್ಟ್ ದಿನಗಳ ಪಿಎಚ್.ಡಿ.ಗಳಲ್ಲಿ ಒಂದನ್ನು ಹೆಸರಿಸಬೇಕು. 1995ರಲ್ಲಿ ಸಂದೀಪ್ ಕುಮಾರ್ ಮುಗಿಸಿದ ಥೀಸಿಸ್ ಅತಿಕ್ರಮಣ ಪತ್ತೆಯ ಕುರಿತದ್ದು. ಅತಿಕ್ರಮಣವೆಂದರೆ ಒಂದೇ ಘಟನೆಯಲ್ಲ, ಘಟನೆಗಳ ಸರಣಿ. ಇಂಥ ಫೈಲ್ ಹುಟ್ಟಿತು, ಅದರ ಹಕ್ಕು ಬದಲಾಯಿತು, ಆಮೇಲೆ ಇಂಥವನು ಅದನ್ನು ಓಡಿಸಿದ. ಈ ಸರಣಿಯನ್ನು ಪೆಟ್ರಿ ಜಾಲ ಎಂಬ ಗಣಿತದ ನಕ್ಷೆಯಾಗಿ ಬರೆದು, ಯಂತ್ರದ ದಾಖಲೆಗಳಲ್ಲಿ ಅದೇ ನಕ್ಷೆ ಕಂಡಾಗ ಎಚ್ಚರಿಸುವ ವ್ಯವಸ್ಥೆ ಅವರದು. ಅತಿಕ್ರಮಣ ಪತ್ತೆಗೆ 1987ರಲ್ಲಿ ಮಾದರಿ ಹಾಕಿಕೊಟ್ಟ ಪೇಪರ್ ಯಾರದು ಗೊತ್ತೆ? ಪರ್ಡ್ಯೂ ಬಿಟ್ಟುಹೋದ ಡೊರೊಥಿ ಡೆನ್ನಿಂಗ್ ಅವರದೇ. ಮನೆ ಬಿಟ್ಟುಹೋದ ವಿದ್ಯೆ ಸುತ್ತು ಹಾಕಿಕೊಂಡು ಮನೆಗೇ ಬಂತು.

1997ರ ಫೆಬ್ರವರಿಯಲ್ಲಿ ಸ್ಪ್ಯಾಫರ್ಡ್ ಅಮೆರಿಕ ಕಾಂಗ್ರೆಸ್ಸಿನ ವಿಜ್ಞಾನ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದರು. ಅವರ ಬಳಿ ಇದ್ದದ್ದು ಸರಳ ಲೆಕ್ಕ. ಹಿಂದಿನ ಐದು ವರ್ಷಗಳಲ್ಲಿ ಕಂಪ್ಯೂಟರ್ ವಿಜ್ಞಾನ ಮತ್ತು ಎಂಜಿನಿಯರಿಂಗಿನಲ್ಲಿ ಪಿಎಚ್.ಡಿ. ಪಡೆದವರು ಸುಮಾರು 5,500 ಮಂದಿ. ಅವರಲ್ಲಿ ದೇಶದ ಪ್ರಮುಖ ಭದ್ರತಾ ಕೇಂದ್ರಗಳಿಂದ ಭದ್ರತೆಯ ವಿಷಯದಲ್ಲೇ ಪದವಿ ಪಡೆದವರು 16. ಆ ಹದಿನಾರರಲ್ಲಿ ಅಧ್ಯಾಪನಕ್ಕೆ ಬಂದವರು ಮೂವರು. ಉಳಿದವರು ಬೇರೆ ದಾರಿ ಹಿಡಿದಿದ್ದರು, ಅದನ್ನು ತಪ್ಪೆನ್ನುವಂತೆಯೂ ಇಲ್ಲ. ಆದರೆ ಬಿತ್ತನೆ ಬೀಜವನ್ನೇ ಕುಟ್ಟಿ ಉಂಡರೆ ಮುಂದಿನ ಮುಂಗಾರಿಗೆ ಏನು ಬಿತ್ತುವುದು ಎಂದು ನಮ್ಮ ರೈತರನ್ನು ಕೇಳಿದರೆ ಸಾಕು. ಸಾವಿರ ಭದ್ರತಾ ಎಂಜಿನಿಯರ್‌ಗಳು ಬೇಕೆಂದರೆ ಹತ್ತಾರು ಅಧ್ಯಾಪಕರು ಬೇಕು. ಆ ಅಧ್ಯಾಪಕರು ಬೇಕೆಂದರೆ ಐದಾರು ವರ್ಷ ಮೊದಲೇ ಯಾರೋ ಅವರನ್ನು ಪಿಎಚ್.ಡಿ.ಗೆ ಕೂರಿಸಿರಬೇಕು. ತುರ್ತು ಬಿದ್ದ ದಿನ ಅನುದಾನ ಸುರಿದರೆ ಪಿಎಚ್.ಡಿ.ಗಳು ಹುಟ್ಟುವುದಿಲ್ಲ.

ಮರುವರ್ಷ, 1998ರ ಮೇ ತಿಂಗಳಿನಲ್ಲಿ, ಕೋಸ್ಟ್ ಬೆಳೆದು ವಿಶ್ವವಿದ್ಯಾಲಯ ಮಟ್ಟದ ಕೇಂದ್ರವಾಯಿತು. ಮಾಹಿತಿ ಭದ್ರತೆಯ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಎಂಬ ಉದ್ದದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅಲ್ಲಿನವರು ‘ಸೀರಿಯಸ್’ ಎಂದೇ ಕರೆಯುತ್ತಾರೆ. ಇಂಡಿಯಾನಾದ ಲಿಲ್ಲಿ ಎಂಡೋಮೆಂಟ್ ದತ್ತಿಯ ಬೆಂಬಲ ಅದಕ್ಕಿತ್ತು. ಹೆಸರಿನಲ್ಲಿ ಶಿಕ್ಷಣವನ್ನು ಸಂಶೋಧನೆಗಿಂತ ಮೊದಲು ಇಟ್ಟದ್ದು ಆಕಸ್ಮಿಕವಲ್ಲವೆಂದು ನನ್ನ ಎಣಿಕೆ. ಕಂಪ್ಯೂಟರ್ ವಿಭಾಗದ ಗೋಡೆ ದಾಟಿ ಎಲ್ಲೆಲ್ಲಿಂದಲೋ ಅಧ್ಯಾಪಕರು ಬಂದು ಸೇರಿದರು. ಅವರಲ್ಲೊಬ್ಬರು ಭಾಷಾಶಾಸ್ತ್ರಜ್ಞ ವಿಕ್ಟರ್ ರಾಸ್ಕಿನ್. ಹಾಸ್ಯ ಹೇಗೆ ಹುಟ್ಟುತ್ತದೆ, ಜೋಕು ಕೇಳಿ ನಾವು ನಗುವುದೇಕೆ ಎಂಬ ಬಗ್ಗೆ ಸಿದ್ಧಾಂತ ಕಟ್ಟಿದವರು. ಹಾಸ್ಯದ ಮೇಷ್ಟರಿಗೆ ಭದ್ರತಾ ಕೇಂದ್ರದಲ್ಲೇನು ಕೆಲಸ? ಅವರೂ ಕಂಪ್ಯೂಟರ್ ವಿಜ್ಞಾನಿ ಮಿಖಾಯಿಲ್ ಅತಲ್ಲಾ ಅವರೂ ಶಿಷ್ಯರೊಡನೆ ಸೇರಿ, ವಾಕ್ಯದ ಅರ್ಥ ಕೆಡದಂತೆ ಅದರ ರಚನೆಯನ್ನು ಅಷ್ಟಿಷ್ಟು ಬದಲಿಸಿ, ಬರಹದೊಳಗೇ ಒಡೆತನದ ಗುರುತು ಅಡಗಿಸುವ ವಿಧಾನ ರೂಪಿಸಿದರು. ಯಂತ್ರವೇ ಬರೆದ ಬರಹ ಎಲ್ಲೆಡೆ ತುಂಬುತ್ತಿರುವ ಈ ದಿನಗಳಲ್ಲಿ ಆ ಕೆಲಸಕ್ಕೆ ಹೊಸ ಬೆಲೆ ಬಂದಿದೆ.

1999ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಶ್ರೇಷ್ಠ ಶಿಕ್ಷಣ ಕೇಂದ್ರಗಳೆಂದು ಆರಿಸಿದ ಮೊದಲ ಏಳರಲ್ಲಿ ಪರ್ಡ್ಯೂ ಒಂದು. 2001ರಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ವಿದ್ಯಾರ್ಥಿವೇತನ ಯೋಜನೆಯೂ ಬಂತು. ಓದಿನ ಖರ್ಚನ್ನು ಸರ್ಕಾರ ಕೊಡುತ್ತದೆ, ಓದಿದಷ್ಟು ಕಾಲ ಸರ್ಕಾರಿ ಕೆಲಸ ಮಾಡಿ ತೀರಿಸಬೇಕು. ಬಹುಶಿಸ್ತೀಯ ಪಿಎಚ್.ಡಿ.ಯೂ ಮುಂದೆ ರೂಪುಗೊಂಡಿತು. ಫೊರೆನ್ಸಿಕ್ ಪ್ರಯೋಗಾಲಯಗಳಲ್ಲಿ ಹಾರ್ಡ್‌ಡಿಸ್ಕ್ ಶೋಧಿಸುವವರ ಕೈಯಲ್ಲಿರುವ ‘ಸ್ಲೂತ್ ಕಿಟ್’ ಬರೆದ ಬ್ರಯಾನ್ ಕ್ಯಾರಿಯರ್ ಇಲ್ಲಿಂದ ಪಿಎಚ್.ಡಿ. ಪಡೆದದ್ದು 2006ರಲ್ಲಿ.

ಪಿಎಚ್.ಡಿ. ವಿದ್ಯಾರ್ಥಿ ಇಲ್ಲಿ ಏನು ಮಾಡುತ್ತಾನೆಂದು ಹತ್ತಿರದಿಂದ ನೋಡಬೇಕಾದರೆ 2018ರ ‘ಎಲ್‌ಟಿಇ ಇನ್‌ಸ್ಪೆಕ್ಟರ್’ ಒಳ್ಳೆಯ ಉದಾಹರಣೆ. ಇಟಲಿಯ ಮಿಲಾನ್‌ನಿಂದ 2004ರಲ್ಲಿ ಪರ್ಡ್ಯೂ ಸೇರಿದ ಎಲಿಸಾ ಬರ್ಟಿನೊ ಅವರ ಶಿಷ್ಯ ಸೈಯದ್ ರಫಿಯುಲ್ ಹುಸೇನ್ ಮತ್ತು ಜೊತೆಗಾರರು ಕೈಗೆತ್ತಿಕೊಂಡದ್ದು ನಮ್ಮ ಜೇಬಿನಲ್ಲಿರುವ 4ಜಿ ಫೋನನ್ನು. ಫೋನು ಜಾಲಕ್ಕೆ ಸೇರುವುದು, ಕರೆ ಬಂದಾಗ ಜಾಲ ಫೋನನ್ನು ಕೂಗಿ ಕರೆಯುವುದು, ಜಾಲದಿಂದ ಬೇರ್ಪಡುವುದು ಎಂಬ ಮೂರು ಹಂತಗಳನ್ನು ಅವರು ಗಣಿತದ ಮಾದರಿಗಳಾಗಿ ಬರೆದರು. ಮಾದರಿಯನ್ನು ತಪಾಸಿಸುವ ಒಂದು ಸಾಧನಕ್ಕೂ ಗೂಢಲಿಪಿಯ ನಿಯಮಗಳನ್ನು ತಪಾಸಿಸುವ ಇನ್ನೊಂದಕ್ಕೂ ಗಂಟು ಹಾಕಿದರು. ಹತ್ತು ಹೊಸ ದಾಳಿಗಳು ಹೊರಬಿದ್ದವು. ಕಾಗದದ ಮೇಲೆ ಸಾಧ್ಯ ಎಂದು ಅಲ್ಲಿಗೇ ಬಿಡಲಿಲ್ಲ. ಹತ್ತರಲ್ಲಿ ಎಂಟನ್ನು ಪ್ರಯೋಗದ ಜಾಲ ಕಟ್ಟಿ ನಿಜವಾಗಿ ಮಾಡಿ ನೋಡಿದರು. ಅವುಗಳಲ್ಲೊಂದರಲ್ಲಿ, ಒಂದು ಊರಿನಲ್ಲಿರುವ ಫೋನು ಇನ್ನೆಲ್ಲೋ ಇದೆಯೆಂದು ಜಾಲವನ್ನು ನಂಬಿಸಬಹುದಿತ್ತು. ಮೊಬೈಲ್ ಟವರ್ ದಾಖಲೆಯನ್ನೇ ಸಾಕ್ಷ್ಯವಾಗಿ ನಂಬುವ ಪೊಲೀಸರೂ ವಕೀಲರೂ ಈ ಮಾತನ್ನು ತಿಳಿದಿರಬೇಕು. ಹುಸೇನ್ ಈಗ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರು. 1997ರ ಲೆಕ್ಕದ ಮುಂದೆ ಆ ಒಂದು ನೇಮಕದ ತೂಕ ದೊಡ್ಡದು.

ಪರ್ಡ್ಯೂವಿನಲ್ಲೂ ಕೊರತೆಗಳಿವೆ. ಬಹಳ ಕಾಲ ಆ ಕೇಂದ್ರದ ಹೆಸರಿಗೂ ಸ್ಪ್ಯಾಫರ್ಡ್ ಅವರ ಹೆಸರಿಗೂ ವ್ಯತ್ಯಾಸವೇ ಇಲ್ಲದಂತಾಗಿತ್ತು. 1983ರಲ್ಲಿ ಏಟು ತಿಂದ ಸಂಸ್ಥೆ ಅದೇ ಅಪಾಯವನ್ನು ಮತ್ತೆ ಮೈಮೇಲೆ ಎಳೆದುಕೊಂಡಿತ್ತು. ಬರ್ಟಿನೊ ಅವರಂಥ ಹಿರಿಯರನ್ನು ಹೊರಗಿನಿಂದ ಕರೆತಂದದ್ದೇ ಅದನ್ನು ಉಳಿಸಿತು.

ಇನ್ನು ನಮ್ಮ ಕಡೆಗೆ ಬರೋಣ. ಭಾರತ ಸರ್ಕಾರ 2005ರಲ್ಲೇ ಮಾಹಿತಿ ಭದ್ರತಾ ಶಿಕ್ಷಣ ಮತ್ತು ಜಾಗೃತಿ ಯೋಜನೆ ಶುರು ಮಾಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರ ಪಾಲುದಾರ. ಕರ್ನಾಟಕ ಸರ್ಕಾರದ ಸೈಬರ್ ಭದ್ರತಾ ಕೇಂದ್ರ ‘ಸೈಸೆಕ್’ಗೂ ಆಸರೆ ಅದೇ ಸಂಸ್ಥೆ. ಇವು ಮೇಲ್ಮಟ್ಟದ ಮಾತಾಯಿತು. ಜಿಲ್ಲಾ ಕೇಂದ್ರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಡೆಯುವುದೇ ಬೇರೆ. ಡೇಟಾಬೇಸ್ ಪಾಠ ಮಾಡುತ್ತಿದ್ದವರಿಗೇ ಒಂದು ವಾರದ ತರಬೇತಿ ಕೊಟ್ಟು ‘ನೆಟ್‌ವರ್ಕ್ ಸೆಕ್ಯುರಿಟಿ’ ಪೇಪರನ್ನು ಕೈಗಿಡುತ್ತಾರೆ. ಅವರು ಶ್ರಮಪಟ್ಟು ಕಲಿಸುತ್ತಾರೆ, ತಪ್ಪು ಅವರದಲ್ಲ. ಪೂರ್ಣಾವಧಿ ಪಿಎಚ್.ಡಿ.ಗೆ ಬರುವ ಹುಡುಗನಿಗೆ 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ ಎಸ್‌ಆರ್‌ಎಫ್ 42,000. ಅದೂ ಅರ್ಹತಾ ಪರೀಕ್ಷೆ ಗೆದ್ದವರಿಗೆ. ಅದೇ ಹುಡುಗನನ್ನು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದು ಎಷ್ಟಕ್ಕೆ ಕರೆಯುತ್ತದೆಂದು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಆದ್ದರಿಂದ ಈ ಸಂಚಿಕೆ ಓದುವ ಆಡಳಿತ ಮಂಡಳಿಗಳಿಗೂ ಪ್ರಾಂಶುಪಾಲರಿಗೂ ಒಂದು ವಿನಂತಿ. ಮುಂದಿನ ವರ್ಷ ಸೈಬರ್ ಸೆಕ್ಯುರಿಟಿಗೆ ಇನ್ನೂ ಅರವತ್ತು ಸೀಟು ಕೇಳುವ ಅರ್ಜಿಗೆ ಸಹಿ ಹಾಕುವ ಮುನ್ನ, ನಿಮ್ಮಲ್ಲಿರುವ ತರುಣ ಅಧ್ಯಾಪಕರಲ್ಲಿ ಇಬ್ಬರನ್ನು ಆರಿಸಿ, ಸಂಬಳ ಸಹಿತ ರಜೆ ಕೊಟ್ಟು, ಒಳ್ಳೆಯ ಗೈಡ್ ಇರುವ ಕಡೆ ಪೂರ್ಣಾವಧಿ ಪಿಎಚ್.ಡಿ.ಗೆ ಕಳಿಸಿ. ಅವರು ಮರಳಿ ಬರಲು ಐದು ವರ್ಷವಾದರೂ ಬೇಕು, ಇವತ್ತೇ ಕಳಿಸಿ.